ಅಟ್ಲಾಸ್: ಆಕಾಶ ಹೊತ್ತವನ ಹೆಸರು

(ನಮ್ಮ ಊರಿನ ಗ್ರಂಥಾಲಯದಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಯಾರಾದರೂ ಒಬ್ಬರು ಒಂದು ವಿಷಯದ ಮೇಲೆ ಮಾತಾಡುತ್ತಾರೆ. ಈ ಸಲ ಸರದಿ ನನ್ನದಾಗಿತ್ತು. ಆವತ್ತು ಆಡಿದ ಮಾತನ್ನು ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ. ನಡುವೆ ಕರೆಂಟ್ ಹೋಗಿ ಮೊಬೈಲ್ ಬೆಳಕಿನಲ್ಲಿ ಏನೇನೋ ಹೇಳಿದ್ದನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಒಂದು ಹೆಸರು. ಒಂದೇ ಒಂದು ಹೆಸರಿನ ಮೇಲೆ ಒಂದು ಗಂಟೆ ಮಾತಾಡ್ತೀರಾ ಅಂತ ಗ್ರಂಥಪಾಲಕರು ಅನುಮಾನದಿಂದ ನೋಡಿದರು. ನೋಡೋಣ.

ನಮ್ಮ ಪಕ್ಕದ ಮನೆಯ ಅಜ್ಜಿಗೆ ಮರಿಮೊಮ್ಮಗ ಹುಟ್ಟಿದ. ಅಮೆರಿಕದಲ್ಲಿ. ಮೊಮ್ಮಗಳ ಗಂಡ ಅಲ್ಲಿಯವನು. ಹದಿನೈದು ದಿನ ಆದ ಮೇಲೆ ವಿಡಿಯೊ ಕಾಲ್‌ನಲ್ಲಿ ಮಗು ತೋರಿಸಿ, ಹೆಸರು ಅಟ್ಲಾಸ್ ಅಂದರು. ಫೋನ್ ಹಿಡಿದುಕೊಂಡಿದ್ದವನು ನಾನು. ಅಜ್ಜಿ ಮಗುವಿನ ಮುಖ ಬಿಟ್ಟು ನನ್ನ ಮುಖ ನೋಡಿದರು. "ಮೇಷ್ಟ್ರೇ, ಅದು ಸೈಕಲ್ ಹೆಸರಲ್ವಾ?"

ಅಜ್ಜಿ ಕೇಳಿದ್ದರಲ್ಲಿ ತಪ್ಪೇನಿಲ್ಲ. 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಅಟ್ಲಾಸ್ ಸೈಕಲ್ ದೇಶದ ಮೂಲೆಮೂಲೆಗೆ ಬಂದಿತ್ತು. ಅವರ ಯಜಮಾನರು ಅದರಲ್ಲೇ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುತ್ತಿದ್ದರು. 2020ರ ಜೂನ್ 3ರಂದು ಅದರ ಕೊನೆಯ ಕಾರ್ಖಾನೆ ನಿಂತುಹೋಯಿತು. ಆ ದಿನ ವಿಶ್ವ ಸೈಕಲ್ ದಿನ ಬೇರೆ. ಆ ಸೈಕಲ್ಲಿನ ಗುರುತು ನೆನಪಿದೆಯಾ? ಒಬ್ಬ ಆಳು ಬೆನ್ನು ಬಗ್ಗಿಸಿ ಭೂಗೋಳ ಹೊತ್ತಿರುವುದು. ಅವನೇ ಇವತ್ತಿನ ನಮ್ಮ ಮನುಷ್ಯ.

ಅಜ್ಜಿಯ ತಂಗಿ ಚಿಂತಾಮಣಿ ಕಡೆಯವರು. ತೆಲುಗು ಮನೆಮಾತು. "ಅಟ್ಲು ಅಂದ್ರೆ ದೋಸೆ ಕಣಕ್ಕಾ, ಒಳ್ಳೆ ಹೆಸರೇ ಇಟ್ಟಿದ್ದಾರೆ" ಅಂತ ನಕ್ಕರು. ಅಲ್ಲಿಂದ ಆ ಮನೆಯಲ್ಲಿ ಮಗುವಿಗೆ ಅಟ್ಲು ಅಂತಲೇ ಹೆಸರು ನಿಂತಿದೆ. ಅಜ್ಜಿಗೆ ಮಾತ್ರ ಸಮಾಧಾನ ಇಲ್ಲ. ಅರ್ಥ ಏನು ಹೇಳಿ ಅಂತ ದಿನಾ ಕೇಳುತ್ತಾರೆ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದ್ದೇನೆ. "ಅಟ್ಲಾಸ್ ತೆಗೀರಿ, ಪುಟ ತಿರುಗಿಸಿ" ಅಂತ ಎಷ್ಟು ಸಾವಿರ ಸಲ ಹೇಳಿದ್ದೇನೋ. ಆದರೆ ಆ ಪುಸ್ತಕಕ್ಕೆ ಆ ಹೆಸರು ಯಾಕೆ ಅಂತ ಒಂದು ದಿನವೂ ಮಕ್ಕಳಿಗೆ ಹೇಳಿರಲಿಲ್ಲ. ಅಜ್ಜಿಯ ಕಾಟಕ್ಕೆ ಓದಿಕೊಂಡೆ. ಓದಿದ್ದನ್ನು ನಿಮಗೆ ಹೇಳುತ್ತೇನೆ.

ಮೊದಲು ಒಂದು ತಪ್ಪು ತಿದ್ದಬೇಕು. ಅಟ್ಲಾಸ್ ಭೂಮಿ ಹೊತ್ತವನಲ್ಲ. ಸೈಕಲ್ಲಿನ ಮೇಲೆ, ಜಿಮ್ ಬೋರ್ಡಿನ ಮೇಲೆ, ಎಲ್ಲ ಕಡೆ ಅವನ ಹೆಗಲ ಮೇಲೆ ಭೂಮಿ ಇರುತ್ತದೆ. ಗ್ರೀಕರ ಹಳೆಯ ಕಥೆಯಲ್ಲಿ ಅವನು ಹೊತ್ತಿರುವುದು ಆಕಾಶ. ಅವನು ನಿಂತಿರುವುದೇ ಭೂಮಿಯ ಮೇಲೆ. ನಿಂತ ನೆಲವನ್ನೇ ಹೇಗೆ ಹೊರುತ್ತಾನೆ?

ನಮಗೆ ಈ ಗೊಂದಲ ಆಗುವುದು ಸಹಜ. ನಮ್ಮಲ್ಲಿ ಭೂಮಿ ಹೊರುವವನು ಆದಿಶೇಷ. ಕೆಳಗೆ ಇರುತ್ತಾನೆ, ಮೇಲೆ ಭೂಮಿ. ಗ್ರೀಕರ ಲೆಕ್ಕ ಬೇರೆ. ಭೂಮಿಗೆ ಆಸರೆ ಬೇಕಿಲ್ಲ, ಅದು ಇದ್ದಲ್ಲೇ ಇದೆ. ಬೀಳುವ ಭಯ ಇರುವುದು ಆಕಾಶಕ್ಕೆ. ಅದು ಕೆಳಗೆ ಕುಸಿದರೆ ಭೂಮಿಗೂ ಆಕಾಶಕ್ಕೂ ನಡುವೆ ಜಾಗವೇ ಇರುವುದಿಲ್ಲ. ಆ ಜಾಗ ಉಳಿಸುವುದಕ್ಕೆ ಒಬ್ಬ ಬೇಕು.

ಕಥೆ ಸಿಗುವುದು ಹೆಸಿಯಡ್ ಅನ್ನುವ ಕವಿಯಲ್ಲಿ. ಸುಮಾರು ಕ್ರಿ.ಪೂ. 700ರ ಹೊತ್ತಿನವನು. ದೇವರುಗಳ ವಂಶಾವಳಿ ಹೇಳುವ ಕಾವ್ಯ ಬರೆದ. ಅದರ ಪ್ರಕಾರ ಅಟ್ಲಾಸನ ತಂದೆ ಇಯಾಪೆಟಸ್, ತಾಯಿ ಕ್ಲೈಮೆನೆ. ತಂದೆ ಟೈಟನ್. ಟೈಟನ್ ಅಂದರೆ ವಾಚಲ್ಲ, ಗ್ರೀಕರ ದೇವರಾಜ ಝ್ಯೂಸ್‌ಗಿಂತ ಹಿಂದಿನ ತಲೆಮಾರಿನ ದೇವರುಗಳು. ಈ ದಂಪತಿಗೆ ನಾಲ್ಕು ಗಂಡುಮಕ್ಕಳು. ನಾಲ್ಕು ಜನಕ್ಕೂ ಒಂದಲ್ಲ ಒಂದು ಕೇಡಾಯಿತು. ಒಬ್ಬನಿಗೆ ಝ್ಯೂಸ್ ಸಿಡಿಲು ಹೊಡೆದು ಪಾತಾಳಕ್ಕೆ ಕಳಿಸಿದ. ಪ್ರೊಮೀಥಿಯಸ್ ಮನುಷ್ಯರಿಗೆ ಬೆಂಕಿ ಕದ್ದು ಕೊಟ್ಟ, ಅವನನ್ನು ಕಟ್ಟಿಹಾಕಿ ಹದ್ದಿನಿಂದ ದಿನಾ ಪಿತ್ತಜನಕಾಂಗ ತಿನ್ನಿಸಿದ. ಎಪಿಮೀಥಿಯಸ್‌ಗೆ ಕೇಡು ತರುವ ಹೆಣ್ಣು ಪಂಡೋರಾಳನ್ನು ಕಳಿಸಿದ. ಅಟ್ಲಾಸ್‌ಗೆ ಆಕಾಶ ಹೊರಿಸಿದ. ಭೂಮಿಯ ಪಶ್ಚಿಮದ ತುದಿಯಲ್ಲಿ, ಇಂಪಾಗಿ ಹಾಡುವ ಹೆಸ್ಪರಿಡೀಸ್ ಕನ್ಯೆಯರ ತೋಟದ ಎದುರು ನಿಂತು, ತಲೆಯಿಂದಲೂ ದಣಿಯದ ಕೈಗಳಿಂದಲೂ ಅಗಲವಾದ ಆಕಾಶ ಹಿಡಿದಿದ್ದಾನೆ ಅನ್ನುತ್ತಾನೆ ಹೆಸಿಯಡ್.

ಯಾಕೆ ಈ ಶಿಕ್ಷೆ? ಟೈಟನ್ನರಿಗೂ ಝ್ಯೂಸ್ ಕಡೆಯವರಿಗೂ ಹತ್ತು ವರ್ಷ ಯುದ್ಧ ಆಯಿತು, ಅಟ್ಲಾಸ್ ಸೋತವರ ದಂಡನಾಯಕನಾಗಿದ್ದ ಅಂತ ಮುಂದಿನ ಕಥೆಗಾರರು ಹೇಳುತ್ತಾರೆ. ಸೋತ ಮಿಕ್ಕವರನ್ನು ಪಾತಾಳದಲ್ಲಿ ಕೂಡಿಹಾಕಿದರು. ದಂಡನಾಯಕನಿಗೆ ವಿಶೇಷ ಮರ್ಯಾದೆ.

ಹೋಮರ್ ಹೇಳುವುದು ಇನ್ನೂ ಸ್ವಲ್ಪ ಬೇರೆ. ಅವನ ಅಟ್ಲಾಸ್ ಸಮುದ್ರದ ಆಳವೆಲ್ಲ ಬಲ್ಲವನು, ಮನಸ್ಸಿನಲ್ಲಿ ಕೇಡು ಇರುವವನು. ಭೂಮಿ ಆಕಾಶಗಳನ್ನು ಬೇರೆ ಬೇರೆ ಇಡುವ ಎತ್ತರದ ಕಂಬಗಳು ಅವನ ವಶದಲ್ಲಿವೆ. ಅಂದರೆ ಅಲ್ಲಿ ಭಾರ ಕಂಬಗಳ ಮೇಲೆ. ನನಗೆ ಇದು ಇಷ್ಟ ಆಯಿತು. ಒಂದೇ ಕಾಲದ ಆಸುಪಾಸಿನಲ್ಲಿ ಇಬ್ಬರು ಕವಿಗಳು, ಇಬ್ಬರೂ ಒಪ್ಪುವುದಿಲ್ಲ. ನಮ್ಮ ರಾಮಾಯಣಗಳ ಹಾಗೆಯೇ.

ಇನ್ನು ಅರ್ಥ. ಅಜ್ಜಿಗೆ ಬೇಕಾಗಿದ್ದು ಇದೇ.

ಹೆಚ್ಚು ಜನ ವಿದ್ವಾಂಸರು ಒಪ್ಪಿಕೊಂಡು ಬಂದ ಅರ್ಥ: ಹೊರುವವನು, ತಾಳಿಕೊಳ್ಳುವವನು. ಗ್ರೀಕ್‌ನಲ್ಲಿ 'ತ್ಲಾ' ಅನ್ನುವ ಧಾತು ಇದೆ. ಹೊರು, ಸಹಿಸು, ಎರಡೂ ಅದರ ಅರ್ಥ. ಕನ್ನಡದಲ್ಲೂ 'ತಾಳು' ಹಾಗೇ ಅಲ್ವಾ? ಈ ಕೊಂಬೆ ನನ್ನ ಭಾರ ತಾಳುತ್ತಾ ಅಂತಲೂ ಕೇಳುತ್ತೇವೆ, ಇನ್ನು ತಾಳಲಾರೆ ಅಂತಲೂ ಅನ್ನುತ್ತೇವೆ. ತಾಳು ನಮ್ಮ ದ್ರಾವಿಡ ಮಾತು, ಗ್ರೀಕ್‌ಗೂ ಅದಕ್ಕೂ ನಂಟಿಲ್ಲ. ಸುಮ್ನೆ ಅರ್ಥ ಹೊಂದುತ್ತದೆ ಅಷ್ಟೇ.

ನಂಟು ಇರುವುದು ಸಂಸ್ಕೃತದ ಜೊತೆ. ಗ್ರೀಕ್‌ನ ಈ ಧಾತುವಿಗೂ ಸಂಸ್ಕೃತದ 'ತುಲಾ'ಗೂ ಮೂಲ ಒಂದೇ. ಎತ್ತು, ಹೊರು, ತೂಗು ಅನ್ನುವ ಒಂದೇ ಹಳೆಯ ಬೇರು. ಅದೇ ಬೇರಿನಿಂದ ಗ್ರೀಕ್‌ನಲ್ಲಿ 'ತಲಾಂತೋನ್' ಬಂತು. ಅಂದರೆ ತಕ್ಕಡಿ, ತೂಕದ ಒಂದು ಅಳತೆ, ಆ ತೂಕದ ಹಣ. ಅದೇ ತಿರುಗಿ ತಿರುಗಿ ಇಂಗ್ಲಿಷಿನ ಟ್ಯಾಲೆಂಟ್ ಆಯಿತು. ಟಿವಿಯಲ್ಲಿ ಟ್ಯಾಲೆಂಟ್ ಶೋ ನೋಡುವಾಗ ನೆನಪಿರಲಿ, ಅದು ಮೂಲದಲ್ಲಿ ತಕ್ಕಡಿ. ಉಡುಪಿಯಲ್ಲಿ ಬೆಲ್ಲಕ್ಕೋ ಅಕ್ಕಿಗೋ ಮಗುವನ್ನು ತೂಗುವ ತುಲಾಭಾರ, ಹಂಪಿಯಲ್ಲಿ ವಿಠ್ಠಲ ದೇವಸ್ಥಾನದ ಹತ್ತಿರ ನಿಂತಿರುವ ಕಲ್ಲಿನ ತಕ್ಕಡಿ ಕಮಾನು, ಜಾತಕದ ತುಲಾ ರಾಶಿ, ಇವೆಲ್ಲ ದೂರದಿಂದ ಅಟ್ಲಾಸನ ನೆಂಟರು.

ಇನ್ನೊಂದು ಹೆಸರು ಹೇಳುತ್ತೇನೆ. ಅತುಲ್. ತುಲಾ ಇಲ್ಲದವನು, ಯಾವ ತಕ್ಕಡಿಗೂ ಸಿಗದವನು, ಸಾಟಿಯಿಲ್ಲದವನು. ಅದರಲ್ಲೂ ಅದೇ ಬೇರು ಇದೆ. ಆದರೆ ಎರಡೂ ಒಂದೇ ಹೆಸರು ಅಂತ ನಾಳೆ ವಾಟ್ಸಾಪ್‌ನಲ್ಲಿ ಹಾಕಬೇಡಿ. ಅತುಲ್‌ನ 'ಅ' ಇಲ್ಲ ಅನ್ನುವುದಕ್ಕೆ. ಅಟ್ಲಾಸ್‌ನ 'ಅ' ಹಾಗಲ್ಲ. ಒಬ್ಬ ತೂಕಕ್ಕೆ ಸಿಗುವುದಿಲ್ಲ, ಇನ್ನೊಬ್ಬ ತೂಕದಿಂದ ತಪ್ಪಿಸಿಕೊಳ್ಳುವುದಿಲ್ಲ. ಅಟ್ಲಾಸ್ ಗ್ರೀಕ್ ಮಾತೇ ಅಲ್ಲ, ಗ್ರೀಕರು ಬರುವುದಕ್ಕೆ ಮೊದಲು ಅಲ್ಲಿದ್ದವರ ಮಾತು, ಗ್ರೀಕರು ಆಮೇಲೆ ತಮ್ಮ ಧಾತುವಿಗೆ ಹೊಂದಿಸಿಕೊಂಡರು ಅನ್ನುವ ವಾದವೂ ಇದೆ. ಇರಬಹುದು. ನನಗೆ ಅಷ್ಟು ಗ್ರೀಕ್ ಬರುವುದಿಲ್ಲ.

ಈಗ ಕಥೆಯ ಒಳ್ಳೆಯ ಭಾಗಕ್ಕೆ ಬರುತ್ತೇನೆ. ಹರ್ಕ್ಯುಲಿಸ್, ಗ್ರೀಕ್ ಕಥೆಗಳ ಮಹಾ ಬಲಶಾಲಿ ವೀರ. ಅದೂ ಸೈಕಲ್ಲೇ! ನಾನು ಹುಡುಗನಾಗಿದ್ದಾಗ ಬಸ್ ಸ್ಟ್ಯಾಂಡ್ ಪಕ್ಕದ ಸೈಕಲ್ ಶಾಪಿನ ಗೋಡೆಗೆ ಅಟ್ಲಾಸೂ ಹರ್ಕ್ಯುಲಿಸೂ ಅಕ್ಕಪಕ್ಕ ಒರಗಿ ನಿಂತಿರುತ್ತಿದ್ದವು. ಗಂಟೆಗೆ ಇಷ್ಟು ಅಂತ ಬಾಡಿಗೆ. ಇವರಿಬ್ಬರ ನಡುವೆ ಇಂಥ ವ್ಯವಹಾರ ನಡೆದಿದೆ ಅಂತ ಆವಾಗ ಯಾರಿಗೆ ಗೊತ್ತಿತ್ತು?

ಹರ್ಕ್ಯುಲಿಸ್‌ಗೆ ಹನ್ನೆರಡು ಕೆಲಸ ಒಪ್ಪಿಸಿದ್ದರು. ಹನ್ನೊಂದನೆಯದು ಹೆಸ್ಪರಿಡೀಸ್ ತೋಟದ ಚಿನ್ನದ ಸೇಬು ತರುವುದು. ನೀನೇ ಹೋಗಬೇಡ, ಅಟ್ಲಾಸನನ್ನು ಕಳಿಸು ಅಂತ ಪ್ರೊಮೀಥಿಯಸ್ ಉಪಾಯ ಹೇಳಿಕೊಟ್ಟ. ಹರ್ಕ್ಯುಲಿಸ್ ಬಂದು ಅಟ್ಲಾಸನ ಹತ್ತಿರ ಕೇಳಿದ. ನೀನು ಹೋಗಿ ತಂದುಕೊಡು, ಅಲ್ಲಿಯವರೆಗೆ ಇದನ್ನು ನಾನು ಹಿಡಿದಿರುತ್ತೇನೆ. ಅಟ್ಲಾಸ್ ಒಪ್ಪಿ ಹೋದ. ಮೂರು ಸೇಬು ಕಿತ್ತು ತಂದ. ಬರುವಾಗ ಅವನಿಗೆ ಯೋಚನೆ ಬಂತು. ಮೈ ಹಗುರಾಗಿದೆ. ಕತ್ತು ತಿರುಗುತ್ತಿದೆ. ಮತ್ತೆ ಯಾಕೆ ಹೊರಬೇಕು? ಸೇಬು ನಾನೇ ತಲುಪಿಸಿ ಬರುತ್ತೇನೆ, ನೀನು ಹಿಡಿದುಕೊಂಡಿರಪ್ಪಾ ಅಂದ.

ಹರ್ಕ್ಯುಲಿಸ್ ಜಗಳಕ್ಕೆ ಹೋಗಲಿಲ್ಲ. ಆಯಿತು ಅಂದ. ಒಂದು ನಿಮಿಷ ಹಿಡಿ, ತಲೆಗೆ ಒಂದು ಸಿಂಬಿ ಸುತ್ತಿಕೊಳ್ಳುತ್ತೇನೆ ಅಂದ.

ಸಿಂಬಿ ಅನ್ನುವುದು ನಾನು ಸೇರಿಸಿದ್ದಲ್ಲ. ಅಪೊಲೊಡೋರಸ್ ಹೆಸರಿನಲ್ಲಿ ಬಂದಿರುವ ಗ್ರೀಕ್ ಪುರಾಣ ಸಂಗ್ರಹದಲ್ಲಿ ಇರುವ ಮಾತಿಗೆ ಅರ್ಥವೇ ಸುರುಳಿ, ತಲೆಯ ಮೇಲಿಟ್ಟುಕೊಳ್ಳುವ ಸುರುಳಿ. ಇಂಗ್ಲಿಷ್ ಪುಸ್ತಕಗಳಲ್ಲಿ ಅದನ್ನು ದಿಂಬು, ಮೆತ್ತೆ ಅಂತೆಲ್ಲ ಬರೆಯುತ್ತಾರೆ. ಅವರಿಗೆ ಸಿಂಬಿ ಗೊತ್ತಿಲ್ಲ. ನಮಗೆ ಗೊತ್ತು. ಹಳೆಯ ಸೀರೆಯ ತುಂಡು ತಿರುಚಿ, ಬಳೆಯ ಹಾಗೆ ಸುತ್ತಿ, ತುದಿ ಒಳಗೆ ಸಿಗಿಸಿ ತಲೆಯ ಮೇಲಿಟ್ಟು ಅದರ ಮೇಲೆ ಕೊಡ. ಅದಿಲ್ಲದಿದ್ದರೆ ಕೊಡ ಜಾರುತ್ತದೆ, ನೆತ್ತಿ ಉರಿಯುತ್ತದೆ. ಆಕಾಶ ಹೊರುವ ಮಾತಾಡುವಾಗಲೂ ಆ ಕಥೆ ಹೇಳಿದವನಿಗೆ ಬಾವಿಕಟ್ಟೆಯ ಸಿಂಬಿಯೇ ನೆನಪಾಯಿತು ನೋಡಿ.

ಅಟ್ಲಾಸ್ ಪಾಪ, ನಂಬಿದ. ಸೇಬು ನೆಲದ ಮೇಲಿಟ್ಟು ಆಕಾಶ ತೆಗೆದುಕೊಂಡ. ಹರ್ಕ್ಯುಲಿಸ್ ಸೇಬು ಎತ್ತಿಕೊಂಡು ನಡೆದುಬಿಟ್ಟ. ಜಗತ್ತಿನ ಹಳೆಯ ಮೋಸಗಳಲ್ಲಿ ಇಷ್ಟು ಸರಳವಾದದ್ದು ಇನ್ನೊಂದು ಇರಲಾರದು. ಬಸ್ಸಿನಲ್ಲಿ ಸೀಟು ಹಿಡಿದಿರಿ ಅಂತ ಹೇಳಿ ಹೋದವರು ಬಾರದೇ ಇರುವ ಹಾಗೆ.

ಗ್ರೀಸ್‌ನ ಒಲಿಂಪಿಯಾದಲ್ಲಿ ಝ್ಯೂಸ್ ದೇವಸ್ಥಾನದ ಕಲ್ಲಿನ ಫಲಕದಲ್ಲಿ ಈ ಪ್ರಸಂಗ ಕೆತ್ತಿದ್ದಾರೆ. ಕ್ರಿ.ಪೂ. 5ನೇ ಶತಮಾನದ್ದು. ನಡುವೆ ಹರ್ಕ್ಯುಲಿಸ್, ಹೆಗಲ ಮೇಲೆ ಮೆತ್ತೆ ಇದೆ. ಎದುರಿಗೆ ಅಟ್ಲಾಸ್ ಸೇಬು ಹಿಡಿದು ಕೈ ಚಾಚಿದ್ದಾನೆ. ಹಿಂದೆ ಅಥೀನಾ ದೇವಿ ಒಂದು ಕೈ ಮೇಲೆತ್ತಿ ಮೆಲ್ಲಗೆ ಆಸರೆ ಕೊಡುತ್ತಿದ್ದಾಳೆ. ಹರ್ಕ್ಯುಲಿಸ್ ಮೈಯೆಲ್ಲ ಬಿಗಿದುಕೊಂಡು ಹಿಡಿದದ್ದನ್ನು ಅವಳು ಒಂದೇ ಕೈಯಲ್ಲಿ ಹಿಡಿದ ರೀತಿ ನೋಡಿದರೆ ನಮ್ಮ ಮನೆಗಳ ಹೆಂಗಸರು ಗ್ಯಾಸ್ ಸಿಲಿಂಡರ್ ಸರಿಸುವುದು ನೆನಪಾಗುತ್ತದೆ.

ಅಟ್ಲಾಸನಿಗೆ ಹೆಣ್ಣುಮಕ್ಕಳು ಜಾಸ್ತಿ. ಅವರಲ್ಲಿ ಏಳು ಜನ ಪ್ಲೀಯಡೀಸ್. ಈ ಹೆಸರು ನಿಮಗೆ ಹೊಸದು, ನಕ್ಷತ್ರ ಹೊಸದಲ್ಲ. ಅದು ನಮ್ಮ ಕೃತ್ತಿಕೆ. ಚಳಿಗಾಲದ ರಾತ್ರಿ ಮಾಳಿಗೆ ಮೇಲೆ ನಿಂತರೆ ಕಾಣುವ ಪುಟ್ಟ ಗೊಂಚಲು. ನಾವು ಆರು ಎಣಿಸಿದೆವು, ಷಣ್ಮುಖನಿಗೆ ಹಾಲು ಕೊಟ್ಟ ಆರು ತಾಯಂದಿರು ಅಂದೆವು. ಗ್ರೀಕರು ಏಳು ಅಕ್ಕತಂಗಿಯರು ಅಂದರು, ಆದರೆ ಕಣ್ಣಿಗೆ ಕಾಣುವುದು ಆರೇ ಅಂತ ಅವರೂ ಒಪ್ಪಿಕೊಂಡು, ಏಳನೆಯವಳು ಯಾಕೆ ಮುಖ ಮರೆಸಿಕೊಂಡಳು ಅನ್ನುವುದಕ್ಕೆ ಬೇರೆ ಕಥೆ ಕಟ್ಟಿದರು. ಆ ಗೊಂಚಲಿನ ಒಂದು ನಕ್ಷತ್ರಕ್ಕೆ ಇವತ್ತಿಗೂ ಅಟ್ಲಾಸ್ ಅಂತಲೇ ಹೆಸರು. ಮಕ್ಕಳ ಪಕ್ಕದಲ್ಲಿ ಅಪ್ಪ ಇದ್ದಾನೆ.

ರೋಮ್‌ನ ಕವಿ ಓವಿಡ್ ಇನ್ನೊಂದು ಕಥೆ ಹೇಳಿದ. ಅವನ ಅಟ್ಲಾಸ್ ಒಬ್ಬ ರಾಜ. ನೋಡಿದವರನ್ನು ಕಲ್ಲಾಗಿಸುವ ಮೆಡೂಸಾಳ ತಲೆ ಕತ್ತರಿಸಿಕೊಂಡು ಬರುತ್ತಿದ್ದ, ಝ್ಯೂಸ್‌ನ ಮಗ ಪರ್ಸಿಯಸ್ ರಾತ್ರಿ ಉಳಿಯಲು ಜಾಗ ಕೇಳಿದ. ಝ್ಯೂಸ್‌ನ ಮಗನೊಬ್ಬ ಬಂದು ನಿನ್ನ ತೋಟ ದೋಚುತ್ತಾನೆ ಅಂತ ಅಟ್ಲಾಸನಿಗೆ ಮೊದಲೇ ಕಾಲಜ್ಞಾನ ಆಗಿತ್ತು. ಜಾಗ ಇಲ್ಲ ಹೋಗು ಅಂದ. ಪರ್ಸಿಯಸ್ ಚೀಲದಿಂದ ತಲೆ ತೆಗೆದು ತೋರಿಸಿದ. ಅಟ್ಲಾಸ್ ಬೆಟ್ಟವಾದ. ಗಡ್ಡ ಕೂದಲು ಕಾಡಾಯಿತು, ಹೆಗಲು ದಿಬ್ಬವಾಯಿತು, ಮೂಳೆ ಕಲ್ಲಾಯಿತು. ಮೊರಾಕೊ, ಅಲ್ಜೀರಿಯಾ, ಟುನೀಶಿಯಾದಲ್ಲಿ ಹಬ್ಬಿರುವ ಅಟ್ಲಾಸ್ ಪರ್ವತ ಅದೇ. ಅದರ ಎತ್ತರದ ಶಿಖರ ಟೂಬ್‌ಕಾಲ್ 4,167 ಮೀಟರ್. ಪಾಠದಲ್ಲಿ ಎಷ್ಟೋ ಸಲ ಬರೆಸಿದ್ದೇನೆ, ಕಥೆ ಮಾತ್ರ ಹೇಳಿರಲಿಲ್ಲ.

ಅಟ್ಲಾಂಟಿಕ್ ಸಾಗರವೂ ಇವನದೇ. ಗ್ರೀಕ್‌ನಲ್ಲಿ ವಿಭಕ್ತಿ ಹತ್ತಿದಾಗ ಈ ಹೆಸರು 'ಅಟ್ಲಾಂಟೋಸ್' ಆಗುತ್ತದೆ, ಅಟ್ಲಾಸನ ಅಂತ. ಪಶ್ಚಿಮದ ತುದಿಯ ಸಮುದ್ರ ಅಟ್ಲಾಸನ ಸಮುದ್ರ. ನಿಮ್ಮಲ್ಲಿ ಕೆಲವರ ಮಕ್ಕಳು ಅಟ್ಲಾಂಟಾದಲ್ಲಿದ್ದಾರೆ. ಆ ಊರಿಗೆ ಹೆಸರು ಬಂದದ್ದು ವೆಸ್ಟರ್ನ್ ಅಂಡ್ ಅಟ್ಲಾಂಟಿಕ್ ಅನ್ನುವ ರೈಲು ಮಾರ್ಗದಿಂದ. ಟೈಟನ್ನಿಂದ ಬೆಟ್ಟಕ್ಕೆ, ಬೆಟ್ಟದಿಂದ ಸಮುದ್ರಕ್ಕೆ, ಸಮುದ್ರದಿಂದ ರೈಲಿಗೆ, ರೈಲಿನಿಂದ ಊರಿಗೆ.

ಹಾಗಾದರೆ ಆಕಾಶ ಹೊತ್ತವನ ಹೆಗಲ ಮೇಲೆ ಭೂಮಿ ಬಂದದ್ದು ಹೇಗೆ? ಇದರಲ್ಲಿ ಶಿಲ್ಪಿಗಳ ಪಾಲೂ ಇದೆ, ನಮ್ಮಂಥ ನಕ್ಷೆಯವರ ಪಾಲೂ ಇದೆ.

ಇಟಲಿಯ ನೇಪಲ್ಸ್ ಮ್ಯೂಸಿಯಂನಲ್ಲಿ ಫಾರ್ನೀಸ್ ಅಟ್ಲಾಸ್ ಅನ್ನುವ ಅಮೃತಶಿಲೆಯ ಮೂರ್ತಿ ಇದೆ. ಕ್ರಿ.ಶ. 2ನೇ ಶತಮಾನದ್ದು. ಎರಡು ಮೀಟರ್‌ಗೂ ಸ್ವಲ್ಪ ಜಾಸ್ತಿ ಎತ್ತರ. ಒಂದು ಮಂಡಿ ಊರಿ, ಕತ್ತು ಓರೆ ಮಾಡಿ, ದೊಡ್ಡ ಗುಂಡು ಹೊತ್ತಿದ್ದಾನೆ. ದೂರದಿಂದ ನೋಡಿದರೆ ಭೂಗೋಳ ಅಂತಲೇ ಅನ್ನಬೇಕು. ಹತ್ತಿರ ಹೋದರೆ ಅದರ ಮೇಲೆ ಮೇಷ, ವೃಷಭ ಅಂತ ನಕ್ಷತ್ರರಾಶಿಗಳ ಚಿತ್ರ ಉಬ್ಬಾಗಿ ಕೆತ್ತಿದೆ. ದೇಶಗಳಿಲ್ಲ. ಅದು ಖಗೋಳ. ಕಲ್ಲಿನಲ್ಲಿ ಆಕಾಶ ತೋರಿಸಬೇಕಾದರೆ ಉಂಡೆ ಮಾಡದೆ ಶಿಲ್ಪಿಗೆ ಬೇರೆ ದಾರಿ ಏನಿತ್ತು? ಉಂಡೆ ಮಾಡಿದ ಮೇಲೆ ಜನ ಅದನ್ನು ಭೂಮಿ ಅನ್ನದೆ ಇನ್ನೇನು ಅಂದಾರು?

ಆಮೇಲೆ ಮರ್ಕೇಟರ್ ಬಂದ. ಗೆರಾರ್ಡಸ್ ಮರ್ಕೇಟರ್, ನಕ್ಷೆಯವರಿಗೆ ಗುರು. 1594ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಅವನು ಸಿದ್ಧ ಮಾಡಿದ್ದ ನಕ್ಷೆಗಳ ದೊಡ್ಡ ಪುಸ್ತಕವನ್ನು ಮಗ ರುಮೊಲ್ಡ್ 1595ರಲ್ಲಿ ಅಚ್ಚು ಹಾಕಿಸಿದ. ಹೆಸರು ಅಟ್ಲಾಸ್. ನಕ್ಷೆ ಪುಸ್ತಕಕ್ಕೆ ಆ ಹೆಸರು ಅಂಟಿದ್ದು ಅಲ್ಲಿಂದ. ಆದರೆ ಮರ್ಕೇಟರ್ ಮನಸ್ಸಿನಲ್ಲಿದ್ದದ್ದು ಶಿಕ್ಷೆ ಅನುಭವಿಸುವ ಟೈಟನ್ ಅಲ್ಲ. ಉತ್ತರ ಆಫ್ರಿಕದ ಮಾರಿಟೇನಿಯಾದ ರಾಜ ಅಟ್ಲಾಸ್. ಖಗೋಳ ಬಲ್ಲವನು, ಜ್ಞಾನಿ ಅಂತ ಹಳೆಯ ಪುಸ್ತಕಗಳು ಹೇಳುವ ರಾಜ. ಆ ಪುಸ್ತಕದ ಮೊದಲ ಪುಟದ ಚಿತ್ರದಲ್ಲಿ ಅಟ್ಲಾಸ್ ಏನನ್ನೂ ಹೊತ್ತಿಲ್ಲ. ಆರಾಮಾಗಿ ಕೂತು ಗೋಳ ಕೈಯಲ್ಲಿ ಹಿಡಿದು ನೋಡುತ್ತಿದ್ದಾನೆ. ಮೇಷ್ಟ್ರ ಹಾಗೆ! ಆ ಚಿತ್ರ ಜನ ಮರೆತರು. ನಕ್ಷೆ ಪುಸ್ತಕ ಅಂದರೆ ಭೂಮಿ, ಅಟ್ಲಾಸ್ ಅಂದರೆ ಹೊರುವವನು, ಎರಡೂ ಸೇರಿ ಅವನು ಭೂಮಿ ಹೊತ್ತುಬಿಟ್ಟ.

ನನ್ನ ಮಾತು ಇರುವುದು ಇಲ್ಲೇ. ಹಳೆಯ ಅರ್ಥದಲ್ಲಿ ಅಟ್ಲಾಸ್ ಸೋತವನ ಹೆಸರು, ಜೀವಾವಧಿ ಶಿಕ್ಷೆ ಆದವನ ಹೆಸರು. ಅದನ್ನು ಮಗುವಿಗೆ ಯಾರು ಇಡುತ್ತಾರೆ? ಎರಡು ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಹೆಚ್ಚು ಜನ ಇಡಲೂ ಇಲ್ಲ. ಅದು ಬೆಟ್ಟಕ್ಕೆ, ಸಮುದ್ರಕ್ಕೆ, ಪುಸ್ತಕಕ್ಕೆ ಹೋಗಿ, ಅಲ್ಲಿ ಶಿಕ್ಷೆಯ ಕೊಳೆ ತೊಳೆದುಕೊಂಡು, ಆಮೇಲೆ ತೊಟ್ಟಿಲಿಗೆ ಬಂತು.

ಮನುಷ್ಯನ ಹೆಸರಾಗಿ ಅದನ್ನು ಮೊದಲು ಮನೆಮಾತು ಮಾಡಿದವನು ಒಬ್ಬ ಪೈಲ್ವಾನ. ಆಂಜೆಲೊ ಸಿಸಿಲಿಯಾನೊ, 1892ರಲ್ಲಿ ಇಟಲಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವನು. ನೀನು ಥೇಟ್ ಆ ಅಟ್ಲಾಸ್ ಪ್ರತಿಮೆ ಇದ್ದ ಹಾಗೆ ಇದ್ದೀಯ ಅಂತ ಯಾರೋ ಅಂದರಂತೆ. ಚಾರ್ಲ್ಸ್ ಅಟ್ಲಾಸ್ ಅಂತ ಹೆಸರು ಬದಲಿಸಿಕೊಂಡ. ಅಂಚೆಯಲ್ಲಿ ಕಸರತ್ತಿನ ಪಾಠ ಮಾರಿದ. ಒಣಕಲು ಹುಡುಗನ ಮುಖಕ್ಕೆ ದಾಂಡಿಗನೊಬ್ಬ ಮರಳು ಒದೆಯುವ ಅವನ ಜಾಹೀರಾತು ಕಾಮಿಕ್ ಪುಸ್ತಕಗಳ ಹಿಂದೆ ದಶಕಗಳ ಕಾಲ ಬಂತು. ಆದರೂ ಅದು ಅಡ್ಡಹೆಸರಾಗಿಯೇ ಉಳಿಯಿತು. ತಾಯಂದಿರು ಮಗುವಿಗೆ ಇಡಲಿಲ್ಲ.

ಅಮೆರಿಕದಲ್ಲಿ ಹೆಸರುಗಳ ಲೆಕ್ಕ ಇಡುವುದು ಸೋಶಿಯಲ್ ಸೆಕ್ಯೂರಿಟಿ ಇಲಾಖೆ. ಮಗು ಹುಟ್ಟಿದಾಗ ಕಾರ್ಡಿಗೆ ಅರ್ಜಿ ಹಾಕುತ್ತಾರಲ್ಲ, ಅದರಿಂದ ಲೆಕ್ಕ. 1880ರಿಂದ ಹುಟ್ಟಿದವರ ಹೆಸರುಗಳು ಅದರಲ್ಲಿವೆ. ಪ್ರತಿವರ್ಷ ಮೇ ತಿಂಗಳಲ್ಲಿ ಹಿಂದಿನ ವರ್ಷದ ಪಟ್ಟಿ ಬಿಡುತ್ತಾರೆ. ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಮಾತ್ರ ಗುಟ್ಟಾಗಿ ಇಡುತ್ತಾರೆ. ನಮ್ಮಲ್ಲಿ ಇಂಥದ್ದೊಂದು ಪಟ್ಟಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಮಂಜುನಾಥ ಯಾವ ವರ್ಷ ಏರಿದ, ಯಾವ ವರ್ಷ ಆರ್ಯನಿಗೆ ಜಾಗ ಬಿಟ್ಟ ಅಂತ ನೋಡಬಹುದಿತ್ತು.

ಆ ಪಟ್ಟಿಯ ಮೊದಲ 1000 ಗಂಡು ಹೆಸರುಗಳಲ್ಲಿ ಅಟ್ಲಾಸ್ ಮೊದಲ ಸಲ ಬಂದದ್ದು 2013ರಲ್ಲಿ. ಹತ್ತೇ ವರ್ಷದಲ್ಲಿ ಮೊದಲ 200ರ ಒಳಗೆ ಬಂತು. ಹೆಸರಿನ ಲೋಕದಲ್ಲಿ ಇದು ಓಟ. ಈಗ ಕೆಲವರು ಹೆಣ್ಣುಮಕ್ಕಳಿಗೂ ಇಡುತ್ತಿದ್ದಾರೆ. ಹಾಲಿವುಡ್‌ನ ಒಬ್ಬಿಬ್ಬರು ತಮ್ಮ ಮಕ್ಕಳಿಗೆ ಇಟ್ಟರು. 2016ರಲ್ಲಿ ಬಂದು ತುಂಬಾ ಮಾರಾಟವಾದ ಒಂದು ಪ್ರೇಮ ಕಾದಂಬರಿಯಲ್ಲಿ ಒಳ್ಳೆಯ ಹುಡುಗನ ಹೆಸರು ಅಟ್ಲಾಸ್. ಇವೆಲ್ಲ ಸೇರಿದವು.

ಗ್ರೀಕ್ ಪುರಾಣದ ಹೆಸರು ಅಲ್ಲಿ ಓಡಿದ್ದು ಇದೇ ಮೊದಲಲ್ಲ. ಜೇಸನ್ ಕೂಡ ಅಲ್ಲಿಯದೇ. ಚಿನ್ನದ ಉಣ್ಣೆ ತರಲು ಹಡಗು ಹತ್ತಿದ ವೀರ, ಹೆಸರಿನ ಅರ್ಥ ಗುಣಪಡಿಸುವವನು. 1970ರ ದಶಕದ ನಡುವೆ ಜೇಸನ್ ಅಮೆರಿಕದಲ್ಲಿ ಮೈಕೆಲ್‌ನ ಹಿಂದೆ ಎರಡನೇ ಸ್ಥಾನದಲ್ಲಿತ್ತು. ಆಮೇಲೆ ಇಳಿಯಿತು. ಈಗ ಜೇಸನ್ ಅಂದರೆ ಐವತ್ತರ ಆಸುಪಾಸಿನ ಮ್ಯಾನೇಜರ್ ಹೆಸರು ಅಂತ ನನ್ನ ಮಗ ಹೇಳುತ್ತಾನೆ. ಅವನ ಮ್ಯಾನೇಜರ್ ಹೆಸರು ಅದೇ.

ಇವರಿಗೆ ಅಟ್ಲಾಸ್ ಯಾಕೆ ಇಷ್ಟ ಆಯಿತು? ನನಗೆ ತೋಚಿದ್ದು ಹೇಳುತ್ತೇನೆ. ಹೆಸರು ಚಿಕ್ಕದು, ಗಟ್ಟಿಯಾಗಿದೆ. ಯಾರೂ ಹೇಗೆ ಬರೆಯುವುದು ಅಂತ ಕೇಳುವುದಿಲ್ಲ, ಶಾಲೆಯ ಪುಸ್ತಕದ ಮೇಲೇ ಅಚ್ಚಾಗಿದೆ. ಕೇಳಿದ ಕೂಡಲೇ ಪ್ರವಾಸ, ದೇಶ ದೇಶ ಸುತ್ತುವುದು ಕಣ್ಣಿಗೆ ಬರುತ್ತದೆ. ಇನ್ನೊಂದು ಕಾರಣ ಮುಖ್ಯ ಅಂತ ನನ್ನ ಎಣಿಕೆ. ಅಟ್ಲಾಸನಿಗೆ ಪೂಜೆ ಇಲ್ಲ. ಅವನ ಹೆಸರಿಟ್ಟರೆ ಮಗು ಯಾವ ಧರ್ಮದ್ದು ಅಂತ ಯಾರೂ ಹೇಳಲಾರರು. ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆಯವರಾದರೆ ಇಂಥ ಹೆಸರು ಅನುಕೂಲ. ನಮ್ಮ ಪಕ್ಕದ ಮನೆಯ ಮೊಮ್ಮಗಳಿಗೂ ಅದೇ ಆಗಿರಬೇಕು. ನಮ್ಮಲ್ಲಿ ಪುರಾಣದ ಹೆಸರು ಅಂದರೆ ಇನ್ನೂ ಗಂಟೆ ಬಾರಿಸುವ ದೇವರ ಹೆಸರು. ಅಲ್ಲಿ ಅದು ಕಥೆಪುಸ್ತಕದ ಹೆಸರು.

ಗ್ರೀಕರೇ ಇದನ್ನು ಇಡುತ್ತಾರಾ ಅಂತ ನೀವು ಕೇಳಬಹುದು. ಅವರಲ್ಲಿ ಅದು ರೂಢಿಯ ಹೆಸರಲ್ಲ. ಗ್ರೀಸ್‌ನಲ್ಲಿ ಮೊದಲ ಮಗನಿಗೆ ಸಾಮಾನ್ಯವಾಗಿ ಅಪ್ಪನ ಅಪ್ಪನ ಹೆಸರು. ನಮ್ಮ ಹಾಗೆಯೇ. ಹೆಸರುಗಳು ಬಹುಮಟ್ಟಿಗೆ ಸಂತರದು, ಆ ಸಂತನ ಹಬ್ಬದ ದಿನ ಆ ಹೆಸರಿನವರಿಗೆಲ್ಲ ಹಬ್ಬ. ಅಖಿಲೀಸ್, ಒಡಿಸಿಯಸ್, ಜೇಸನ್ ಹೆಸರುಗಳು ಅವರಲ್ಲಿ ಇವತ್ತಿಗೂ ಇವೆ. ಹಳೆಯ ಕಾಲದ ಗ್ರೀಕರು ದೇವರ ಹೆಸರನ್ನು ಮಕ್ಕಳಿಗೆ ನೇರವಾಗಿ ಇಡಲು ಹಿಂಜರಿಯುತ್ತಿದ್ದರು. ಅಪೋಲೋ ಅನ್ನದೆ ಅಪೋಲೋನಿಯಸ್ ಅನ್ನುತ್ತಿದ್ದರು, ಅಪೋಲೋಗೆ ಸೇರಿದವನು ಅಂತ. ನಾವು ಶಿವ ಅಂತ ಕರೆದು ಅಂಗಡಿಗೆ ಕಳಿಸುತ್ತೇವೆ.

ಹೊರುವವರ ಹೆಸರು ನಮ್ಮಲ್ಲೂ ಕಡಿಮೆ ಇಲ್ಲ. ಶೇಷಪ್ಪ, ಶೇಷಗಿರಿ, ಅನಂತ, ಎಲ್ಲ ಆದಿಶೇಷನ ಹೆಸರು. ಗಿರಿಧರ ಬೆಟ್ಟ ಎತ್ತಿದವನು. ಜೈನರಲ್ಲಿ ಧರಣೇಂದ್ರ, ಪಾರ್ಶ್ವನಾಥನಿಗೆ ಹೆಡೆ ಹಿಡಿದು ಕಾಪಾಡಿದ ನಾಗರಾಜ. ವ್ಯತ್ಯಾಸ ಇಷ್ಟೇ. ಇವರು ಯಾರೂ ಶಿಕ್ಷೆಗೆ ಹೊತ್ತವರಲ್ಲ. ಕೃಷ್ಣ ಬೆಟ್ಟ ಎತ್ತಿದ್ದು ಏಳು ದಿನ, ಅದೂ ಕಿರುಬೆರಳಲ್ಲಿ, ಮುಖದಲ್ಲಿ ನಗು. ಅಟ್ಲಾಸನ ಮುಖದಲ್ಲಿ ನಗು ಇರುವ ಒಂದು ಮೂರ್ತಿಯನ್ನೂ ನಾನು ಚಿತ್ರದಲ್ಲಿ ನೋಡಿಲ್ಲ.

ಅವನು ನಮ್ಮ ಕಡೆಗೂ ಬಂದಿದ್ದ. ಗಾಂಧಾರದ ಬೌದ್ಧ ಸ್ತೂಪಗಳ ಅಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಭಾರ ಹೊತ್ತ, ಕೆಲವೊಮ್ಮೆ ರೆಕ್ಕೆಯೂ ಇರುವ ಗಂಡಾಳುಗಳ ಶಿಲ್ಪ ಸಿಕ್ಕಿವೆ. ಗ್ರೀಕ್ ಶಿಲ್ಪದ ಪ್ರಭಾವ. ವಿದ್ವಾಂಸರು ಅವರನ್ನು ಅಟ್ಲಾಸ್ ಅಂತಲೇ ಕರೆಯುತ್ತಾರೆ. ಝ್ಯೂಸ್‌ನ ಆಕಾಶ ಬಿಟ್ಟು ಬುದ್ಧನ ಸ್ತೂಪಕ್ಕೆ ಕೆಲಸಕ್ಕೆ ಸೇರಿದ ಅನ್ನಿ.

ಬೇರೆ ಕಡೆಯೂ ಇದ್ದಾನೆ, ಬೇಗ ಹೇಳಿಬಿಡುತ್ತೇನೆ. ಶನಿಗ್ರಹದ ಒಂದು ಪುಟ್ಟ ಉಪಗ್ರಹ ಅಟ್ಲಾಸ್, 1980ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಯ ಚಿತ್ರಗಳಲ್ಲಿ ಸಿಕ್ಕಿದ್ದು, ಆಕಾರ ನಡುವೆ ಅಂಚಿರುವ ಇಡ್ಲಿ ಹಾಗೆ. 1962ರಲ್ಲಿ ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ ಭೂಮಿ ಸುತ್ತಲು ಹೋದ ರಾಕೆಟ್ ಅಟ್ಲಾಸ್. ಅಂಗೈಗಿಂತ ದೊಡ್ಡದಾದ ಅಟ್ಲಾಸ್ ಪತಂಗಕ್ಕೆ ಬಾಯಿ ಕೆಲಸ ಮಾಡುವುದಿಲ್ಲ, ರೆಕ್ಕೆ ಬಂದ ಮೇಲೆ ಏನೂ ತಿನ್ನದೆ ಒಂದೆರಡು ವಾರ ಬದುಕುತ್ತದೆ. ಅದರ ಬಳಗದ ಪತಂಗ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ. ಟರ್ಕಿಯಲ್ಲಿ ಅಟ್ಲಾಸ್ ಅಂದರೆ ನುಣುಪಾದ ರೇಷ್ಮೆ ಬಟ್ಟೆಯೂ ಹೌದು. ಅದು ಅರಬ್ಬಿ ಮಾತು, ನಮ್ಮ ಟೈಟನ್‌ಗೆ ಸಂಬಂಧ ಇಲ್ಲ.

ಎಲ್ಲಕ್ಕಿಂತ ಹತ್ತಿರದ ಅಟ್ಲಾಸ್ ನಿಮ್ಮ ಮೈಯಲ್ಲೇ ಇದ್ದಾನೆ. ಕತ್ತಿನ ಹಿಂದೆ ಕೈ ಇಡಿ. ಇನ್ನೂ ಮೇಲೆ, ತಲೆ ಶುರುವಾಗುವ ಕಡೆ. ಒಳಗೆ ಬೆನ್ನುಮೂಳೆಯ ಮೊದಲ ಮಣಿ ಇದೆ. ಉಂಗುರದ ಹಾಗಿದೆ. ವೈದ್ಯರು ಅದಕ್ಕೆ ಅಟ್ಲಾಸ್ ಅನ್ನುತ್ತಾರೆ. ತಲೆ ಅನ್ನುವ ಗುಂಡು, ನಾಲ್ಕೈದು ಕೆಜಿ, ಅದರ ಮೇಲೆ ಕೂತಿದೆ. ಹೂಂ ಅಂತ ತಲೆ ಆಡಿಸಿ. ತಲೆ ಅಟ್ಲಾಸ್ ಮೇಲೆ ತೂಗುತ್ತಿದೆ. ಈಗ ಊಹೂಂ ಅನ್ನಿ. ಈಗ ತಲೆಯನ್ನು ಹೊತ್ತುಕೊಂಡೇ ಅಟ್ಲಾಸ್ ಕೆಳಗಿನ ಮಣಿಯ ಮೇಲೆ ತಿರುಗುತ್ತಿದ್ದಾನೆ. ಸಿಂಬಿಯ ಆಕಾರದ ಮೂಳೆ ಅದು. ಅಜ್ಜಿಗೆ ಇದನ್ನು ಹೇಳಿದಾಗ ಎರಡು ನಿಮಿಷ ಹೂಂ ಊಹೂಂ ಮಾಡಿ ನೋಡಿಕೊಂಡರು.

ಇಷ್ಟು ಹೇಳಿ ನಿಲ್ಲಿಸಿದೆ. ಪ್ರಶ್ನೆ ಇದ್ದರೆ ಕೇಳಿ ಅಂದೆ. ಪಿಯುಸಿ ಹುಡುಗನೊಬ್ಬ ಧೂಮಕೇತುವಿಗೂ ಅಟ್ಲಾಸ್ ಅಂತಾರಲ್ಲ ಸರ್ ಅಂದ. 2025ರ ಜುಲೈನಲ್ಲಿ ಸೌರಮಂಡಲದ ಆಚೆಯಿಂದ ಬಂದದ್ದು ಸಿಕ್ಕಿತಲ್ಲ, ಅದು. ಕಂಡುಹಿಡಿದ ದೂರದರ್ಶಕಗಳ ಯೋಜನೆಯ ಹೆಸರು ಅದಕ್ಕೆ ಅಂಟಿದೆ. ಆಕಾಶದಿಂದ ಭೂಮಿಗೆ ಏನಾದರೂ ಬೀಳುತ್ತಾ ಅಂತ ಕಾಯುವುದು ಆ ದೂರದರ್ಶಕಗಳ ಕೆಲಸ. ಇಲ್ಲಿ ಮಾತ್ರ ಹೆಸರು ಸರಿಯಾಗಿ ಇಟ್ಟಿದ್ದಾರೆ ಅಂದೆ.

ಹಿಂದಿನ ಸಾಲಿನಲ್ಲಿ ಗ್ರಂಥಾಲಯ ಗುಡಿಸುವ ಅಮ್ಮ ಕೂತಿದ್ದರು. ಪೊರಕೆ ಪಕ್ಕಕ್ಕಿಟ್ಟು ಪೂರ್ತಿ ಕೇಳಿದ್ದರು. ನಲ್ಲಿ ಬರುವ ಮೊದಲು ಕೆರೆಯಿಂದ ಮೂರು ಕೊಡ ಒಟ್ಟಿಗೆ ಹೊತ್ತು ತಂದವರು. ಕೈ ಎತ್ತಿದರು.

"ಸಾರ್, ಆ ಹರ್ಕ್ಯುಲಿಸ್ ಬರೋವರೆಗೂ ಈವಯ್ಯ ಸಿಂಬಿ ಇಲ್ದೇನೇ ಹೊತ್ತಿದ್ನಾ?"